ಎರಡು ಮೆಶ್‌ಗಳ ನಡುವಿನ ಗಡಿ

ತಾಮ್ರದ ತಟ್ಟೆಗೆ ಸ್ಟೇನ್‌ಲೆಸ್ ಸ್ಟೀಲ್ ತಟ್ಟೆಯನ್ನು ಬೆಸೆದಿದೆ ಎನ್ನಿ. ತಾಮ್ರದ ಶಾಖವಾಹಕತೆ ಈ ಸ್ಟೀಲಿನದಕ್ಕಿಂತ ಸುಮಾರು 25 ಪಟ್ಟು ಹೆಚ್ಚು. ಬೆಸುಗೆ ಗಟ್ಟಿಯಾಗಿದ್ದರೆ ಗಡಿಯಲ್ಲಿ ಎರಡು ಷರತ್ತು ನಡೆಯಲೇಬೇಕು: ಎರಡೂ ಕಡೆ ಉಷ್ಣತೆ ಒಂದೇ ಆಗಿರಬೇಕು, ತಾಮ್ರ ಬಿಟ್ಟುಕೊಟ್ಟಷ್ಟೇ ಶಾಖ ಸ್ಟೀಲಿಗೆ ಸೇರಬೇಕು. ಹಾಗಾಗಿ ಗಡಿ ದಾಟಿದೊಡನೆ ಉಷ್ಣತೆಯ ಇಳಿಜಾರು 25 ಪಟ್ಟು ಕಡಿದಾಗುತ್ತದೆ. ಫೈನೈಟ್ ಎಲಿಮೆಂಟ್ ಪಾಠದಲ್ಲಿ ನಾನು ಮೊದಲು ಬೋರ್ಡಿನ ಮೇಲೆ ಎಳೆಯುವುದು ಈ ಮುರಿದ ಗೆರೆಯನ್ನೇ.

ಗಡಿಯ ಲೆಕ್ಕ ಕಂಪ್ಯೂಟರಿಗಿಂತ ಹಳೆಯದು. ಅಂಚಿನ ಬೆಲೆ ಕೊಟ್ಟರೆ ಒಳಗೆ ಉತ್ತರ ಇದ್ದೇ ಇದೆ ಎನ್ನಲು ರೀಮಾನ್ ನೆಚ್ಚಿದ್ದ ಡಿರಿಕ್ಲೆ ತತ್ವದಲ್ಲಿ ಬಿರುಕಿದೆ ಎಂದು ವಯರ್ಸ್ಟ್ರಾಸ್ ತೋರಿಸಿದ್ದು 1870ರಲ್ಲಿ. ಅದೇ ವರ್ಷ ಅವರ ಶಿಷ್ಯ ಶ್ವಾರ್ಟ್ಸ್ ಜೂರಿಕ್‌ನಲ್ಲಿ ಬೇರೆ ದಾರಿ ಹಿಡಿದರು. ಒಂದರ ಮೇಲೊಂದು ಸ್ವಲ್ಪ ಹಾಯ್ದ ವೃತ್ತ ಮತ್ತು ಆಯತ. ವೃತ್ತದಲ್ಲಿ ಸಮೀಕರಣ ಬಿಡಿಸಿ, ಸಿಕ್ಕ ಬೆಲೆಗಳನ್ನು ಆಯತದ ಅಂಚಿಗೆ ಕೊಡುವುದು. ಅಲ್ಲಿ ಬಿಡಿಸಿ ವೃತ್ತಕ್ಕೆ ಮರಳಿಸುವುದು. ಹೀಗೆ ಮಾಡುತ್ತ ಹೋದರೆ ಎರಡೂ ಉತ್ತರಗಳು ಒಂದಾಗುತ್ತವೆ ಎಂದು ಅವರು ಸಾಧಿಸಿದರು.

1956ರಲ್ಲಿ ಟರ್ನರ್, ಕ್ಲಫ್ ಮತ್ತು ಸಂಗಡಿಗರು ವಿಮಾನದ ರಚನೆಗಳಿಗೆಂದು ಬರೆದ ಪ್ರಬಂಧದಿಂದ ಫೈನೈಟ್ ಎಲಿಮೆಂಟ್ ವಿಧಾನ ಎಂಜಿನಿಯರುಗಳ ಕೈಗೆ ಬಂತು; 1960ರಲ್ಲಿ ಕ್ಲಫ್ ಅದಕ್ಕೆ ಈಗಿನ ಹೆಸರಿಟ್ಟರು. ಇಲ್ಲಿ ಎರಡೂ ತಟ್ಟೆಗಳಿಗೆ ಒಂದೇ ಮೆಶ್ (ಸಣ್ಣ ತುಣುಕುಗಳ ಜಾಲ) ಹಾಕಿದರೆ, ಗಡಿಯ ನೋಡ್‌ಗಳು (ಜಾಲದ ಸಂಧಿಬಿಂದುಗಳು) ಎರಡೂ ಕಡೆಗೆ ಸೇರಿದವು. ಆದ್ದರಿಂದ ಉಷ್ಣತೆ ತಾನಾಗಿಯೇ ಒಂದಾಗುತ್ತದೆ. ಶಾಖದ ಸಮತೋಲವನ್ನು ಸಮೀಕರಣದ ಸಮಾಕಲನ ರೂಪವೇ ನೋಡಿಕೊಳ್ಳುತ್ತದೆ. ನಾವು ಏನೂ ಬರೆಯಬೇಕಿಲ್ಲ.

ಅದೇ ಎರಡು ತಟ್ಟೆಗಳಿಗೆ ಬೇರೆ ಬೇರೆ ಮೆಶ್ ಹಾಕಿ, ಗಡಿಯಲ್ಲಿ ಏನೂ ಬರೆಯದೆ ಬಿಡಿ. ಆಗ ಪ್ರೋಗ್ರಾಮಿನ ಪಾಲಿಗೆ ಅಲ್ಲಿ ಶಾಖ ದಾಟದ ಗೋಡೆ ಎದ್ದಂತೆ. ಒಂದೇ ಮೆಶ್‌ನಲ್ಲಿ ಮೌನ ಎಂದರೆ ಪೂರ್ಣ ಬೆಸುಗೆ; ಬೇರೆ ಬೇರೆ ಮೆಶ್‌ಗಳಲ್ಲಿ ಪೂರ್ಣ ನಿರೋಧ. ಇದನ್ನು ಅರಿಯದವರು ಸಾಫ್ಟ್‌ವೇರ್ ಕೊಡುವ ಬಣ್ಣದ ಚಿತ್ರವನ್ನು ನಂಬಬಾರದು.

ನಂತರದ ಇತಿಹಾಸ ಈ ಮೌನದ ಜಾಗದಲ್ಲಿ ಸ್ಪಷ್ಟವಾದ ಮಾತನ್ನು ಬರೆಯುವ ಯತ್ನ. 1963ರಲ್ಲಿ ಪ್ಶೆಮಿಯೆನಿಯೆಟ್ಸ್ಕಿ ದೊಡ್ಡ ರಚನೆಯನ್ನು ಉಪರಚನೆಗಳಾಗಿ ಒಡೆದು, ಗಡಿಯ ಅಜ್ಞಾತಗಳನ್ನಷ್ಟೇ ಒಟ್ಟಿಗೆ ಬಿಡಿಸುವ ಕ್ರಮ ಕೊಟ್ಟರು. ನಿಟ್ಷೆ 1971ರಲ್ಲಿ ಹೊರ ಅಂಚಿಗೆಂದು ಕಂಡುಕೊಂಡ, ಷರತ್ತನ್ನು ಸಮಾಕಲನ ರೂಪದೊಳಗೇ ಸೇರಿಸುವ ಉಪಾಯ ಮುಂದೆ ಒಳಗಡಿಗಳಿಗೂ ಒದಗಿತು. 1973ರಲ್ಲಿ ಬಾಬುಷ್ಕಾ, ಷರತ್ತನ್ನು ಹೆಚ್ಚುವರಿ ಅಜ್ಞಾತಗಳಿಂದ ಹೇರುವ ಲಗ್ರಾಂಜ್ ಗುಣಕಗಳ ದಾರಿಗೆ ಗಣಿತದ ಬುನಾದಿ ಹಾಕಿದರು. ಬೆರ್ನಾರ್ದಿ, ಮದೇ ಮತ್ತು ಪಟೇರಾ ಅವರ ಮಾರ್ಟರ್ ವಿಧಾನ ನೋಡ್‌ಗೆ ನೋಡ್ ಹೊಂದಬೇಕೆಂಬ ಹಟ ಬಿಟ್ಟು, ಗಡಿಯುದ್ದಕ್ಕೂ ಸಮಾಕಲನದ ಅರ್ಥದಲ್ಲಿ ಹೊಂದಿದರೆ ಸಾಕೆಂದಿತು. ಪಿಯೆರ್-ಲೂಯಿ ಲಿಯೋನ್ಸ್ 1990ರಲ್ಲಿ ಉಷ್ಣತೆ, ಹರಿವು ಎರಡನ್ನೂ ಬೆರೆಸಿದ ಷರತ್ತನ್ನು ಗಡಿಯಾಚೆ ಕಳಿಸಿ, ಶ್ವಾರ್ಟ್ಸ್ ಕ್ರಮವನ್ನು ಒಂದರ ಮೇಲೊಂದು ಹಾಯದ ಭಾಗಗಳಿಗೂ ತಂದರು.

ಈಗ ಇವುಗಳಲ್ಲಿ ಹಲವು ಒಂದು ಕ್ಲಿಕ್ಕಿನಲ್ಲಿ ಸಿಗುತ್ತವೆ. ಅದರಿಂದಲೇ ನನ್ನ ವಿದ್ಯಾರ್ಥಿಗಳಿಗೆ ಒಂದು ಕಟ್ಟಳೆ ಮಾಡಿದ್ದೇನೆ: ಉತ್ತರ ಒಪ್ಪಿಸುವ ಮುನ್ನ ಗಡಿಯ ಎರಡೂ ಬದಿಯ ಒಟ್ಟು ಶಾಖವನ್ನು ಬೇರೆಬೇರೆಯಾಗಿ ಲೆಕ್ಕ ಹಾಕಬೇಕು. ಮೆಶ್ ಸಣ್ಣದು ಮಾಡುತ್ತ ಹೋದಂತೆ ಆ ಎರಡು ಅಂಕಿಗಳ ಅಂತರ ಕುಗ್ಗದಿದ್ದರೆ, ಷರತ್ತು ಎಲ್ಲಿ ತಪ್ಪಿತೆಂದು ಮೊದಲು ಹುಡುಕಬೇಕು.