ನಾಲ್ಕು ಬೇಸ್, ನಾಲ್ಕು ಟಾಪ್: ಮುಂಬಯಿಯ ಧ್ವನಿವರ್ಧಕಗಳು ನಿಂತ ಬಗೆ

ಗಣೇಶೋತ್ಸವದ ಮೆರವಣಿಗೆಗೆ ಸೌಂಡ್ ಗೊತ್ತುಮಾಡುವ ಮುಂಬಯಿಯ ಮಂಡಳಿಗಳು ಎಷ್ಟು ವಾಟ್ ಎಂದು ಕೇಳುವುದು ಕಡಿಮೆ. ‘ಎರಡು ಬೇಸ್ ಎರಡು ಟಾಪ್’ ಅಥವಾ ‘ನಾಲ್ಕು ಬೇಸ್ ನಾಲ್ಕು ಟಾಪ್’ ಎಂದರೆ ಮಾತು ಮುಗಿಯಿತು. ಬೇಸ್ ಎಂದರೆ ಟೆಂಪೊದ ತಳದಲ್ಲಿ ಕೂರುವ ದೊಡ್ಡ ವೂಫರ್ ಪೆಟ್ಟಿಗೆ. ಟಾಪ್ ಎಂದರೆ ಅದರ ಮೇಲೆ ಕೂತು ನಡುದನಿ, ಮೇಲುದನಿ ಹೊರಡಿಸುವ ಪೆಟ್ಟಿಗೆ. ಇಡೀ ಸಾಮಾನಿಗೆ ‘ಡಾಲ್ಬಿ’ ಎಂಬ ಹೆಸರು ಅಂಟಿಕೊಂಡಿದೆ, ಆ ಹೆಸರಿನ ಅಮೆರಿಕನ್ ಕಂಪನಿಗೂ ಇದಕ್ಕೂ ಯಾವ ನಂಟೂ ಇಲ್ಲದಿದ್ದರೂ. ಪೆಟ್ಟಿಗೆ ಹೆಚ್ಚಿದಷ್ಟೂ ದನಿ ಚೆನ್ನ ಎಂಬ ಲೆಕ್ಕ ಹಳೆಯದು. ಆದರೆ ಈ ನಗರದಲ್ಲಿ ದನಿ ಕೆಟ್ಟದ್ದೂ ಸುಧಾರಿಸಿದ್ದೂ ಬಹುಪಾಲು ಪೆಟ್ಟಿಗೆಗಳನ್ನು ಎಲ್ಲಿಟ್ಟರು, ಯಾವ ಕಡೆ ತಿರುಗಿಸಿದರು, ಒಂದಕ್ಕೊಂದು ಎಷ್ಟು ಹತ್ತಿರ ಕೂರಿಸಿದರು ಎಂಬುದರಿಂದ.

ಇದಕ್ಕೆ ಸ್ವಲ್ಪ ಶಾಸ್ತ್ರ ಬೇಕು. ಕಾಂತದ ನಡುವೆ ಆಡುವ ತಂತಿಯ ಸುರುಳಿ, ಅದಕ್ಕೆ ಅಂಟಿದ ಕಾಗದದ ಕೋನ್: ಇಂದಿಗೂ ಬಳಕೆಯಲ್ಲಿರುವ ಈ ವಿನ್ಯಾಸವನ್ನು ಜನರಲ್ ಎಲೆಕ್ಟ್ರಿಕ್‌ನ ರೈಸ್ ಮತ್ತು ಕೆಲಾಗ್ 1925ರಲ್ಲಿ ಪ್ರಕಟಿಸಿದರು. ಇಂಥ ಒಂದು ಘಟಕವೇ ಡ್ರೈವರ್. ಒಂದೇ ಡ್ರೈವರ್‌ನಿಂದ ಎಲ್ಲ ಸ್ವರವನ್ನೂ ಹೊರಡಿಸಲು ತೊಡಕೇನೆಂದರೆ ಅಲೆಗಳ ಉದ್ದ. 100 ಹರ್ಟ್ಸ್‌ನ ಅಲೆ ಸುಮಾರು 3.4 ಮೀಟರ್, 10,000 ಹರ್ಟ್ಸ್‌ನದು 3.4 ಸೆಂಟಿಮೀಟರ್. ಹದಿನೈದು ಅಂಗುಲದ ಕೋನ್ ಕೆಳಸ್ವರವನ್ನು ಸುತ್ತಲೂ ಹರಡುತ್ತದೆ, ಸುಮಾರು 1000 ಹರ್ಟ್ಸ್ ದಾಟಿದರೆ ಮೂಗಿನ ನೇರಕ್ಕಷ್ಟೇ ಬೀರತೊಡಗುತ್ತದೆ. ಹಾಗಾಗಿ ಕೆಲಸ ಹಂಚಬೇಕು: ದೊಡ್ಡದಕ್ಕೆ ಕೆಳಗಿನದು, ಚಿಕ್ಕದಕ್ಕೆ ಮೇಲಿನದು, ನಡುವೆ ಪಾಲು ಮಾಡಲು ಕ್ರಾಸ್‌ಓವರ್. ಹಂಚಿದ ಗಳಿಗೆಯಿಂದ ಹೊಸ ತಕರಾರು ಶುರು. ಒಂದೇ ದನಿ ಎರಡು ಜಾಗದಿಂದ ಹೊರಟರೆ ಕೆಲವು ಕಡೆ ಅಲೆಗಳು ಕೂಡುತ್ತವೆ, ಕೆಲವು ಕಡೆ ಒಂದನ್ನೊಂದು ಅಳಿಸಿಹಾಕುತ್ತವೆ. ಒಂದು ಮೀಟರ್ ಅಂತರದಲ್ಲಿ ಅಕ್ಕಪಕ್ಕ ಇಟ್ಟ ಎರಡು ಕೋನ್‌ಗಳ ಮುಂದೆ ಹತ್ತು ಮೀಟರ್ ದೂರದಲ್ಲಿ ಕೂತವನು ನಡುಗೆರೆಯಿಂದ ಒಂದೂಮುಕ್ಕಾಲು ಮೀಟರ್ ಪಕ್ಕಕ್ಕೆ ಸರಿದರೆ ಸಾಕು, 1000 ಹರ್ಟ್ಸ್ ಅವನ ಪಾಲಿಗೆ ಹೆಚ್ಚುಕಡಿಮೆ ಮಾಯ. ಇನ್ನೊಂದು ಜತೆ ಪೆಟ್ಟಿಗೆ ತಂದಿಟ್ಟರೆ ಈ ಗುಂಡಿಗಳು ಮುಚ್ಚುವುದಿಲ್ಲ. ಬೇರೆ ಬೇರೆ ಕಡೆ ಇನ್ನಷ್ಟು ತೋಡಿಕೊಳ್ಳುತ್ತವೆ.

ಮುಂಬಯಿಗೆ ಈ ತೊಡಕು ಬಂದದ್ದು ತಡವಾಗಿ. 1931ರ ಮಾರ್ಚ್ 14ರಂದು ಗಿರ್ಗಾಂವ್‌ನ ಮೆಜೆಸ್ಟಿಕ್‌ನಲ್ಲಿ ‘ಆಲಂ ಆರಾ’ ತೆರೆಕಂಡಾಗ ಜನಕ್ಕೆ ಬೇಕಿದ್ದದ್ದು ತೆರೆ ಮಾತಾಡಬೇಕು ಎಂಬುದಷ್ಟೇ. ಅದೇ ಕಾಲದಲ್ಲಿ ಮೈದಾನಗಳಲ್ಲಿ ನಡೆಯುತ್ತಿದ್ದದ್ದು ಹಾರ್ನ್‌ಗಳ ರಾಜ್ಯಭಾರ. ಸಿಂಧ್‌ನ ಸುಕ್ಕೂರಿನಲ್ಲಿ ಶುರುವಾಗಿ ಮುಂಬಯಿಗೆ ಬಂದು ನೆಲೆನಿಂತ ಮೋಟ್ವಾನೆ ಕುಟುಂಬದ ‘ಶಿಕಾಗೋ ರೇಡಿಯೊ’ ಕಾಂಗ್ರೆಸ್ ಅಧಿವೇಶನಗಳಿಗೆ ಧ್ವನಿವರ್ಧಕ ಒದಗಿಸುತ್ತಿತ್ತು. ಗಾಂಧಿ, ನೆಹರೂ ಅವರ ಹಳೆಯ ಫೋಟೋಗಳಲ್ಲಿ ಮೈಕಿನ ಮೇಲೆ ಆ ಹೆಸರಿನ ಫಲಕ ಕಾಣುತ್ತದೆ. 1942ರಲ್ಲಿ ಉಷಾ ಮೆಹ್ತಾ ಮತ್ತವರ ಗೆಳೆಯರು ನಡೆಸಿದ ಭೂಗತ ಕಾಂಗ್ರೆಸ್ ರೇಡಿಯೊ ಪ್ರಕರಣದಲ್ಲಿ ನಾನಿಕ್ ಮೋಟ್ವಾನೆ ಆರೋಪಿಯಾಗಿ ನಿಂತು ಬಿಡುಗಡೆಯಾದದ್ದೂ ಉಂಟು. ದನಿ ದೊಡ್ಡದು ಮಾಡುವ ಕಸುಬು ಆಗ ಅಪಾಯದ ಕಸುಬಾಗಿತ್ತು.

ಹಾರ್ನ್ ಅಂದರೆ ಈ ಊರಿನ ಬಾಯಲ್ಲಿ ಭೋಂಗಾ. ಅದನ್ನು ಹಳಿಯುವುದು ಸುಲಭ. ನಾನು ಅದರ ಪರ ಎರಡು ಮಾತು ಹೇಳುತ್ತೇನೆ. ಗಂಡಸಿನ ದನಿಯ ಮೂಲಸ್ವರ 100–150 ಹರ್ಟ್ಸ್‌ನ ಆಸುಪಾಸಿನದು. ಭೋಂಗಾ ಅದನ್ನು ಮುಟ್ಟುವುದೇ ಇಲ್ಲ. ಆದರೆ ಮಾತು ಅರ್ಥವಾಗಲು ಬೇಕಾದ ವ್ಯಂಜನಗಳು ಬಹುತೇಕ 1000ದಿಂದ 4000 ಹರ್ಟ್ಸ್ ನಡುವೆ ಇವೆ, ಅಲ್ಲಿ ಅದು ಗಟ್ಟಿಗ. ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ದೂರ ಮುಟ್ಟಿಸುತ್ತದೆ, ಮಳೆಗೆ ಅಂಜುವುದಿಲ್ಲ. ಒಂದೇ ಕಂಬದ ತಲೆಯಲ್ಲಿ ನಾಲ್ಕು ಭೋಂಗಾಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ನಾಲ್ಕು ದಿಕ್ಕಿಗೆ ತಿರುಗಿಸಿದರೆ ಒಂದರ ಸೀಮೆಗೆ ಇನ್ನೊಂದು ಅಷ್ಟಾಗಿ ಕೈಹಾಕುವುದಿಲ್ಲ. ಅಕ್ಕಪಕ್ಕದ ಹತ್ತು ಕಂಬಗಳಿಗೆ ಒಂದೊಂದು ಕಟ್ಟಿ ಎಲ್ಲವನ್ನೂ ಬೀದಿಯ ಕಡೆ ತಿರುಗಿಸಿದಾಗಲೇ ಮೈಕಾಸುರ ಹುಟ್ಟುವುದು.

ಜೋಡಣೆಯ ವಿದ್ಯೆ ಗಂಭೀರವಾಗಿ ಬೆಳೆದದ್ದು ಚಿತ್ರಮಂದಿರದಲ್ಲಿ. 1930ರ ದಶಕದಲ್ಲಿ ಹಾಲಿವುಡ್‌ನ ಎಂಜಿಎಂ ಒಂದು ವಿಚಿತ್ರ ಫಜೀತಿಗೆ ಸಿಕ್ಕಿತು: ಎಲೀನರ್ ಪೊವೆಲ್ ಟ್ಯಾಪ್ ನೃತ್ಯದಲ್ಲಿ ಒಮ್ಮೆ ಕುಟ್ಟಿದ್ದು ಎರಡು ಸಲ ಕೇಳುತ್ತಿತ್ತು. ಕೆಳದನಿಯ ಹಾರ್ನ್ ಒಳಗೆ ಮಡಚಿಕೊಂಡು ಉದ್ದವಾಗಿತ್ತು, ಮೇಲುದನಿಯದು ಮೋಟು. ಹಲವು ಅಡಿಗಳ ಆ ವ್ಯತ್ಯಾಸದಿಂದ ಒಂದು ದನಿ ಇನ್ನೊಂದಕ್ಕಿಂತ ಮೊದಲೇ ತಲುಪುತ್ತಿತ್ತು. ಡಗ್ಲಸ್ ಶಿಯರರ್ ಮತ್ತು ಜಾನ್ ಹಿಲಿಯರ್ಡ್ ಎರಡನ್ನೂ ಸರಿದೂಗಿಸಿ ಕಟ್ಟಿದ ವ್ಯವಸ್ಥೆ ‘ಶಿಯರರ್ ಹಾರ್ನ್’ ಎಂದು ಹೆಸರಾಯಿತು. ಡ್ರೈವರ್‌ಗಳ ಮುಖ ಒಂದೇ ಗೆರೆಯಲ್ಲಿದ್ದರೆ ಸಾಲದು, ದನಿ ಹುಟ್ಟುವ ಜಾಗವೂ ಸಮನಾಗಬೇಕು ಎಂಬ ಪಾಠ ಅದು. ಅದೇ ಎಂಜಿಎಂ 1938ರಲ್ಲಿ ಧೋಬಿತಲಾವ್‌ನಲ್ಲಿ ಮೆಟ್ರೊ ಕಟ್ಟಿತು. ರೀಗಲ್ ಆಗಲೇ ಇತ್ತು, ಇರೋಸ್ ಅದೇ ವರ್ಷ ಬಂತು, ಲಿಬರ್ಟಿ 1949ರಲ್ಲಿ. ಇಲ್ಲೆಲ್ಲ ಸ್ಪೀಕರ್‌ಗಳ ಜಾಗ ತೂತು ಕೊರೆದ ತೆರೆಯ ಹಿಂದೆ, ನಡುಮಧ್ಯ. ಒಂದೇ ಜಾಗದಿಂದ ಬರುವ ಒಂದೇ ಟ್ರ್ಯಾಕು. ಪರೇಲ್‌ನ ರಾಜ್‌ಕಮಲ್‌ನಲ್ಲಿ ಕೂತು ಮಿಕ್ಸ್ ಮಾಡುತ್ತಿದ್ದ ಮಂಗೇಶ್ ದೇಸಾಯಿ ಅಂಥವರು ಆ ಒಂದೇ ಬಾಯಿಂದ ನಾಯಕಿಯ ಪಿಸುಮಾತು, ನೂರು ಪಿಟೀಲು, ರೈಲು ಮೂರನ್ನೂ ಬೇರೆ ಬೇರೆಯಾಗಿ ಕೇಳಿಸಬೇಕಿತ್ತು.

ಆಮೇಲೆ ‘ಶೋಲೆ’. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಿಸಿದ ಸಿನಿಮಾ 1975ರ ಆಗಸ್ಟ್ 15ರಂದು ಬಿಡುಗಡೆಯಾಗಿ ಲ್ಯಾಮಿಂಗ್ಟನ್ ರಸ್ತೆಯ ಮಿನರ್ವಾದಲ್ಲಿ ಐದು ವರ್ಷ ಓಡಿತು. 70 ಎಂಎಂ ಪದ್ಧತಿಯಲ್ಲಿ ಆರು ಕಾಂತೀಯ ಟ್ರ್ಯಾಕ್: ತೆರೆಯ ಹಿಂದೆ ಎಡದಿಂದ ಬಲಕ್ಕೆ ಐದು ಸ್ಪೀಕರ್ ಗುಂಪು, ಆರನೆಯದು ಸಭಾಂಗಣದ ಗೋಡೆಗಳಿಗೆ. ಜೈ ಚಿಮ್ಮಿದ ನಾಣ್ಯ ಬಿದ್ದ ಸದ್ದಿಗೆ ಜನ ಕುರ್ಚಿಯ ಕೆಳಗೆ ಹುಡುಕಿದರು ಎಂಬ ಕಥೆ ಈಗಲೂ ಓಡಾಡುತ್ತದೆ. ಅದು ಅಕ್ಷರಶಃ ನಡೆದಿರಲಿ ಬಿಡಲಿ, ಕಿವಿಗೆ ದಿಕ್ಕು ಸಿಕ್ಕರೆ ಆಗುವುದು ಹಾಗೆಯೇ. ಠಾಕೂರನ ಮನೆಯಲ್ಲಿ ಉಯ್ಯಾಲೆಯ ಕಿರುಗುಟ್ಟುವಿಕೆ, ಕುದುರೆಗಳ ಓಟ: ಇವುಗಳ ಗಾಬರಿ ಏರಿದ್ದು ವಾಲ್ಯೂಮ್‌ನಿಂದಲ್ಲ. ಮುಂದೆ ಬಂದ ಡಾಲ್ಬಿ, ಡಿಜಿಟಲ್ 5.1, 2012ರಲ್ಲಿ ಬಂದ ಆಟ್ಮಾಸ್ ಎಲ್ಲವೂ ಇದೇ ದಾರಿಯ ವಿಸ್ತರಣೆ; ಆಟ್ಮಾಸ್ ಛಾವಣಿಯನ್ನೂ ಸೇರಿಸಿ 64 ಸ್ಪೀಕರ್ ಸಾಲುಗಳವರೆಗೆ ಬೇರೆ ಬೇರೆ ದನಿ ಕಳಿಸಬಲ್ಲದು. ಮಾಲ್‌ಗಳ ಪುಟ್ಟ ತೆರೆಗಳಲ್ಲಿ ಅಷ್ಟು ದಿಕ್ಕಿಗೆ ಎಷ್ಟು ಜಾಗವಿದೆ ಎಂಬುದು ಬೇರೆ ಮಾತು.

ಸಭಾಂಗಣದ ಕಥೆ ಇಷ್ಟು ಠೀವಿಯದ್ದಲ್ಲ. ಮುಂಬಯಿ ಕನ್ನಡಿಗರಿಗೆ ಮಾತ್ರ ಹೆಚ್ಚು ಹತ್ತಿರದ್ದು. ಮಾಟುಂಗಾದ ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘ, ಕುರ್ಲಾದ ಬಂಟರ ಸಂಘ. ಮಳೆಗಾಲದಲ್ಲಿ ಊರಿನಿಂದ ಬರುವ ಯಕ್ಷಗಾನ ಮೇಳಗಳು. ಇಂಥ ವೇದಿಕೆಗಳ ಸಂಗಾತಿ ಕಾಲಂ ಸ್ಪೀಕರ್: ಉದ್ದನೆಯ ಪೆಟ್ಟಿಗೆಯಲ್ಲಿ ಒಂದರ ಕೆಳಗೊಂದು ನಾಲ್ಕೋ ಆರೋ ಕೋನ್. ನಿಲ್ಲಿಸಿದಾಗ ಅದು ದನಿಯನ್ನು ಅಡ್ಡಕ್ಕೆ ಅಗಲವಾಗಿ ಹರಡುತ್ತದೆ. ಮೇಲೆ ಕೆಳಗೆ ಮಾತ್ರ ತೆಳ್ಳಗೆ ಕತ್ತರಿಸುತ್ತದೆ. ಛಾವಣಿಗೆ ಬಡಿದು ಮರುದನಿಯಾಗುವ ಪಾಲು ಕಡಿಮೆಯಾಗಿ ಹಿಂದಿನ ಸಾಲಿಗೂ ಮಾತು ಒಡೆದು ಕೇಳುತ್ತದೆ. ವೇದಿಕೆಯ ಅಂಚಿನಲ್ಲಿ ಅಡ್ಡ ಬಂತೆಂದೋ, ಬ್ಯಾನರ್ ಮುಚ್ಚಿತೆಂದೋ ಯಾರಾದರೂ ಅದನ್ನು ಮಲಗಿಸಿಬಿಟ್ಟರೆ ಗುಣ ತಿರುಗುಮುರುಗು: ಅಗಲ ಛಾವಣಿಗೂ ನೆಲಕ್ಕೂ ಹೋಗುತ್ತದೆ, ಪಕ್ಕದ ಸಾಲಿನವರಿಗೆ ದನಿ ಕತ್ತರಿಸುತ್ತದೆ. ತಾಳಮದ್ದಳೆಯಲ್ಲಿ ಇದರ ಪೆಟ್ಟು ತಕ್ಷಣ ಗೊತ್ತಾಗುತ್ತದೆ. ಅರ್ಥಧಾರಿಯ ದನಿ ದೊಡ್ಡದಾಗೇ ಕೇಳುತ್ತಿದ್ದರೂ ಅವರ ‘ಸ’, ‘ಶ’, ‘ತ’ಗಳು ಮಂಜಾಗಿ, ಬದಿಯಲ್ಲಿ ಕೂತ ಹಿರಿಯರು ‘ಏನಂದ್ರು?’ ಎಂದು ಪಕ್ಕದವರತ್ತ ಬಾಗುತ್ತಾರೆ. ಮೈಕಿನವನು ವಾಲ್ಯೂಮ್ ಏರಿಸುತ್ತಾನೆ. ಮಂಜು ದೊಡ್ಡದಾಗುತ್ತದೆ. ಚೆಂಡೆಗೆ ಮೈಕೇ ಬೇಕಿಲ್ಲ ಎಂಬುದನ್ನು ಯಾರು ಯಾರಿಗೆ ಹೇಳಬೇಕೋ!

ಸುಮಾರು 2,700 ಆಸನಗಳ ಷಣ್ಮುಖಾನಂದ ಸಭಾಗೃಹದಂಥ ಕಡೆ ಧ್ವನಿವರ್ಧಕವಿಲ್ಲದೆ ನಡೆಯದು. 1980ರಲ್ಲಿ ನರೀಮನ್ ಪಾಯಿಂಟ್‌ನಲ್ಲಿ ತೆರೆದ ಎನ್‌ಸಿಪಿಎಯ ಟಾಟಾ ಥಿಯೇಟರ್ ಇದರ ವಿರುದ್ಧ ತುದಿ. ಫಿಲಿಪ್ ಜಾನ್ಸನ್ ವಾಸ್ತುಶಿಲ್ಪಿ, ಸಿರಿಲ್ ಹ್ಯಾರಿಸ್ ಧ್ವನಿತಜ್ಞ. ಸಿತಾರ್, ಗಾಯನ ಮೈಕಿಲ್ಲದೆ ಕೊನೆಯ ಸಾಲು ಮುಟ್ಟಬೇಕೆಂದೇ ಬೀಸಣಿಗೆಯಾಕಾರದಲ್ಲಿ ಕಟ್ಟಿದ ರಂಗಮಂದಿರ. ಸುಮಾರು ಸಾವಿರ ಆಸನ. ಅಲ್ಲೂ ಮೈಕು ಕೇಳುವ ಕಲಾವಿದರಿದ್ದಾರೆ. ಅಭ್ಯಾಸಬಲ.

ರೈಲು ನಿಲ್ದಾಣದ ಸಮಸ್ಯೆ ಇನ್ನೊಂದು ಬಗೆಯದು. ಉದ್ದದ ಪ್ಲಾಟ್‌ಫಾರ್ಮಿಗೆ ಒಂದು ದೊಡ್ಡ ಸ್ಪೀಕರ್ ಸಾಲದು, ಚಿಕ್ಕವನ್ನು ಹಂಚಬೇಕು. ಆದರೆ ಎಲ್ಲವೂ ಒಟ್ಟಿಗೆ ನುಡಿದರೆ 34 ಮೀಟರ್ ದೂರದ್ದು ಸುಮಾರು 100 ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತದೆ. ಜರ್ಮನಿಯ ಹೆಲ್ಮಟ್ ಹಾಸ್ 1949ರಲ್ಲಿ ತೋರಿಸಿದಂತೆ ಮೂವತ್ತು ಮಿಲಿಸೆಕೆಂಡ್‌ನ ಆಸುಪಾಸಿನ ತಡವನ್ನು ಕಿವಿ ಒಂದೇ ದನಿಯಾಗಿ ಬೆಸೆದುಕೊಳ್ಳುತ್ತದೆ. ನೂರಾದರೆ ಒಂದು ಮಾತಿನ ಮೇಲೆ ಇನ್ನೊಂದು ಏರುತ್ತದೆ. ಸಿಎಸ್‌ಎಂಟಿಯ ಕಲ್ಲು ಕಮಾನುಗಳ ಮರುದನಿ ಇದಕ್ಕೆ ಸೇರಿದರೆ ಘೋಷಣೆಯ ಸದ್ದಷ್ಟೇ ಕೇಳಿ, ಯಾವ ರೈಲು ಎಂಬುದನ್ನು ಫಲಕ ನೋಡಿ ತಿಳಿಯಬೇಕು. ಮದ್ದು ಒಂದೇ: ಪೆಟ್ಟಿಗೆಗಳು ಚಿಕ್ಕದಾಗಬೇಕು, ಹತ್ತಿರ ಹತ್ತಿರ ಇರಬೇಕು, ದನಿ ಇಳಿಯಬೇಕು.

ಮನೆಗಳಲ್ಲಿ ಬಹುಕಾಲ ಒಂದೇ ಡ್ರೈವರ್ ಆಳಿತು. ಠಾಣೆಯ ಕಾರ್ಖಾನೆಯಿಂದ ಬರುತ್ತಿದ್ದ ಮರ್ಫಿ ರೇಡಿಯೊ ಅಂಥದ್ದು. ಆ ಕಾಲದವರು ‘ವಾಲ್ವ್ ಸೆಟ್ಟಿನ ಮಾಧುರ್ಯ’ ಎನ್ನುವುದರಲ್ಲಿ ಅರ್ಧ ಪಾಲು ವಾಲ್ವಿನದು. ಉಳಿದರ್ಧ ಒಂದೇ ಜಾಗದಿಂದ, ಕ್ರಾಸ್‌ಓವರ್ ಇಲ್ಲದೆ ಬಂದ ಮನುಷ್ಯದನಿಯದು ಎಂದು ನನ್ನ ಅನುಮಾನ. 1947ರಲ್ಲಿ ಟ್ಯಾನಾಯ್ ಕಂಪನಿ ವೂಫರ್‌ನ ಹೊಟ್ಟೆಯಲ್ಲೇ ಮೇಲುದನಿಯ ಟ್ವೀಟರ್ ಕೂರಿಸಿ ‘ಡ್ಯುಯಲ್ ಕಾನ್ಸೆಂಟ್ರಿಕ್’ ಮಾಡಿದ್ದು, 1983ರಲ್ಲಿ ಜೋಸೆಫ್ ಡಪೊಲಿಟೊ ಎರಡು ನಡುದನಿ ಕೋನ್‌ಗಳ ಮಧ್ಯೆ ಟ್ವೀಟರ್ ಇಟ್ಟದ್ದು, ಆ ಒಂದೇ ಜಾಗದ ಹಂಬಲದಿಂದಲೇ. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಬಿಡಿ ಡ್ರೈವರ್ ಕೊಂಡು ಪ್ಲೈವುಡ್ ಪೆಟ್ಟಿಗೆ ಕಟ್ಟುವ ಹವ್ಯಾಸಿಗಳಿಗೆ ಈ ಹೆಸರುಗಳು ಬಾಯಿಪಾಠ. ಆದರೆ ಹತ್ತು–ಹನ್ನೆರಡು ಅಡಿಯ ಕೋಣೆಯಲ್ಲಿ ಸ್ಪೀಕರ್ ಇಡಲು ಉಳಿಯುವ ಜಾಗ ಕಪಾಟಿನ ತಲೆ. ಎರಡು ಗೋಡೆ, ಛಾವಣಿ ಕೂಡುವ ಆ ಮೂಲೆ ಕೆಳದನಿಯನ್ನು ಉಬ್ಬಿಸುತ್ತದೆ, ಟ್ವೀಟರ್ ಎಲ್ಲರ ನೆತ್ತಿಯ ಮೇಲೆ ಹಾಯುತ್ತದೆ. ಮೇಲಾಗಿ ಈ ಊರಿನ ತೇವಕ್ಕೆ ಕೋನ್ ಸುತ್ತಲಿನ ಫೋಮ್ ಕೆಲವೇ ವರ್ಷಗಳಲ್ಲಿ ಪುಡಿಪುಡಿ.

ಬಯಲು ಕಚೇರಿಗಳ ನಕ್ಷೆ ಬದಲಾದದ್ದು ಫ್ರಾನ್ಸಿನ ಕ್ರಿಶ್ಚಿಯನ್ ಹೀಲ್ 1990ರ ದಶಕದ ಆರಂಭದಲ್ಲಿ ತಂದ ವಿ–ಡಾಸ್ಕ್‌ನಿಂದ. ಪೆಟ್ಟಿಗೆಗಳನ್ನು ಅಕ್ಕಪಕ್ಕ ಪೇರಿಸುವ ಬದಲು ಒಂದರ ಕೆಳಗೊಂದು ತೂಗುಹಾಕಿ, ಹಲವು ದನಿಮೂಲಗಳು ಒಂದೇ ಗೆರೆಯಂತೆ ವರ್ತಿಸುವಷ್ಟು ಹತ್ತಿರ ಹೊಂದಿಸಿದ ಲೈನ್ ಅರೇ ಅದು. ಒಂಟಿ ಮೂಲದ ದನಿ ದೂರ ಇಮ್ಮಡಿಯಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ. ಗೆರೆಯ ಸಮೀಪಸೀಮೆಯಲ್ಲಿ 3 ಮಾತ್ರ. ಮುಂದಿನವರ ಕಿವಿ ಒಡೆಯದೆ ಹಿಂದಿನವರಿಗೂ ಮುಟ್ಟಿಸಬಹುದು. ಬಿಕೆಸಿಯ ಮೈದಾನ, ಮಹಾಲಕ್ಷ್ಮಿ ರೇಸ್‌ಕೋರ್ಸ್‌ನ ದೊಡ್ಡ ಕಚೇರಿಗಳಲ್ಲಿ ವೇದಿಕೆಯ ಎರಡೂ ಬದಿ ‘ಜೆ’ ಆಕಾರದಲ್ಲಿ ತೂಗುವುದು ಇದೇ. ಗೆರೆ ಉದ್ದವಿದ್ದರೆ ಮಾತ್ರ ಈ ಮಂತ್ರ ಫಲಿಸುತ್ತದೆ: 100 ಹರ್ಟ್ಸ್‌ಗೆ ಹಿಡಿತ ಬೇಕಾದರೆ ಮೂರು–ನಾಲ್ಕು ಮೀಟರ್. ಮದುವೆ ಹಾಲಿನಲ್ಲಿ ನಾಲ್ಕು ಗಿಡ್ಡ ಪೆಟ್ಟಿಗೆ ತೂಗಿಸಿ ‘ಲೈನ್ ಅರೇ’ ಎಂದು ಬಿಲ್ ಬರೆಯುವುದು ಬರೀ ಶೋಭೆಗೆ.

ಇನ್ನು ಬೀದಿ. ಟೆಂಪೊದ ಗೋಡೆಯಲ್ಲಿ ಟಾಪ್‌ಗಳು ಅಕ್ಕಪಕ್ಕ ಒತ್ತಿಕೊಂಡು ಒಂದರ ಮಾತನ್ನೊಂದು ಕೆಡಿಸುತ್ತವೆ. ಬೇಸ್‌ಗಳು ಅಷ್ಟು ಜಗಳವಾಡುವುದಿಲ್ಲ: 50 ಹರ್ಟ್ಸ್‌ನ ಅಲೆ ಸುಮಾರು ಏಳು ಮೀಟರ್ ಉದ್ದ, ಅದಕ್ಕೆ ಇಡೀ ಟೆಂಪೊ ಒಂದು ಚುಕ್ಕೆ. ಹಾಗಾಗಿ ಮುಂದಕ್ಕೆ ಹೋದಷ್ಟೇ ಹಿಂದಕ್ಕೂ, ಪಕ್ಕದ ಚಾಳಿನ ಒಳಕ್ಕೂ ನುಗ್ಗುತ್ತದೆ. ಇದಕ್ಕೂ ಜೋಡಣೆಯಲ್ಲೇ ಉಪಾಯವುಂಟು. ಒಂದು ವೂಫರನ್ನು ಹಿಮ್ಮುಖ ಮಾಡಿ, ಅದರ ದನಿಯನ್ನು ಲೆಕ್ಕದ ಪ್ರಕಾರ ತಡಮಾಡಿ, ತಿರುವುಮುರುವಾಗಿಸಿದರೆ ಹಿಂದಿನ ದನಿ ಬಹಳಷ್ಟು ಅಳಿದುಹೋಗುತ್ತದೆ. ದೊಡ್ಡ ಸಂಗೀತೋತ್ಸವಗಳಲ್ಲಿ ಈ ಕಾರ್ಡಿಯಾಯ್ಡ್ ಪದ್ಧತಿ ಮಾಮೂಲು. ಮೆರವಣಿಗೆಯಲ್ಲಿ ಒಂದು ಪೆಟ್ಟಿಗೆಯನ್ನು ದನಿ ಕೊಲ್ಲಲೆಂದು ಬಾಡಿಗೆ ಕೊಟ್ಟು ತರುವವರು ಯಾರು?

ಕಾನೂನು ತನ್ನ ಪಾಡಿಗೆ ಬೆಳೆದಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್. ಸುಮೈರಾ ಅಬ್ದುಲಾಲಿಯವರ ಆವಾಜ್ ಫೌಂಡೇಶನ್ ವರ್ಷವರ್ಷವೂ ಮೀಟರ್ ಹಿಡಿದು ಹಬ್ಬದ ಬೀದಿಗಳನ್ನು ಅಳೆದಿದೆ. 2018ರ ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ವಿಸರ್ಜನೆಗೆ ಡಿಜೆ ಬಳಕೆಯ ಮೇಲಿನ ತಡೆ ಸಡಿಲಿಸಲಿಲ್ಲ. 2025ರ ಜನವರಿಯಲ್ಲಿ ಧ್ವನಿವರ್ಧಕ ಯಾವ ಧರ್ಮಕ್ಕೂ ಅತ್ಯಗತ್ಯ ಅಂಗವಲ್ಲ ಎಂದಿತು. ಆದರೆ ನಿಯಮದ ಅಳತೆ ‘ಎ’ ತೂಕದ ಡೆಸಿಬೆಲ್‌ನದು. ಆ ತೂಕದಲ್ಲಿ 50 ಹರ್ಟ್ಸ್‌ನ ದನಿಗೆ ಸುಮಾರು 30 ಡೆಸಿಬೆಲ್ ರಿಯಾಯಿತಿ: ಕಿಟಕಿ ಗಾಜು ನಡುಗಿಸುವ ನೂರು ಡೆಸಿಬೆಲ್‌ನ ಬೇಸ್ ಮೀಟರಿನಲ್ಲಿ ಎಪ್ಪತ್ತಾಗಿ ಕೂರುತ್ತದೆ. ಮೂರನೆಯ ಮಹಡಿಯಲ್ಲಿ ಮಲಗಿದ ರೋಗಿಯ ಎದೆಗೆ ಬಡಿಯುವುದು ಆ ಬೇಸೇ, ಕಾಗದದಲ್ಲಿ ಕಾಣುವುದು ಟಾಪ್‌ನ ದನಿ. ಬಂದೋಬಸ್ತಿನ ಪೊಲೀಸರಾದರೂ ಪೆಟ್ಟಿಗೆ ಎಣಿಸುತ್ತಾರೆ, ಮೀಟರ್ ಹಿಡಿಯುತ್ತಾರೆ. ಅವು ಯಾವ ಕಡೆ ಮುಖ ಮಾಡಿವೆ ಎಂದು ಕೇಳುವ ಕಲಂ ಯಾವ ನಿಯಮದಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.