ಹತ್ತನೇ ತರಗತಿಯ ಪುಸ್ತಕದಿಂದ ವಿಕಾಸವಾದ ಹೋದರೆ ನಷ್ಟ ಯಾರಿಗೆ?

ನಾನು ಜೀವಶಾಸ್ತ್ರ ಓದಿದ್ದು ಎಸ್ಸೆಸ್ಸೆಲ್ಸಿವರೆಗೆ ಮಾತ್ರ. ಪಿಯುಸಿಯಲ್ಲಿ ಪಿಸಿಎಂಸಿ, ಆಮೇಲೆ ಇಂಜಿನಿಯರಿಂಗ್. ನಿಮ್ಮಲ್ಲೂ ಹಲವರ ಕತೆ ಇದೇ ಇರುತ್ತೆ. ಕಾಮರ್ಸ್, ಆರ್ಟ್ಸ್, ಐಟಿಐ, ಡಿಪ್ಲೊಮಾ, ಯಾವುದಕ್ಕೆ ಹೋದರೂ ಹತ್ತನೇ ತರಗತಿಯ ವಿಜ್ಞಾನ ಪುಸ್ತಕವೇ ಜೀವಶಾಸ್ತ್ರದ ಕೊನೆಯ ಪುಸ್ತಕ. ಅದಕ್ಕೇ ಅದರಲ್ಲಿ ಏನಿರಬೇಕು ಅನ್ನೋದು ಬರೀ ಮೇಷ್ಟ್ರುಗಳ ವಿಷಯವಲ್ಲ, ರಾಜಕೀಯ ಪ್ರಶ್ನೆ.

2022ರಲ್ಲಿ ಆಗಿದ್ದೇನು?

ಕೋವಿಡ್ ನಂತರ ಮಕ್ಕಳ ಹೊರೆ ಇಳಿಸ್ತೀವಿ ಅಂತ ಎನ್‌ಸಿಇಆರ್‌ಟಿ ಪಠ್ಯಕ್ಕೆ ಕತ್ತರಿ ಹಾಕಿತು. ಹತ್ತನೇ ತರಗತಿಯ 'ಅನುವಂಶೀಯತೆ ಮತ್ತು ಜೀವವಿಕಾಸ' ಅಧ್ಯಾಯ ಬರೀ 'ಅನುವಂಶೀಯತೆ' ಆಯಿತು. ಮೆಂಡೆಲ್‌ನ ಬಟಾಣಿ ಗಿಡ ಉಳಿಯಿತು. ಡಾರ್ವಿನ್, ಪಳೆಯುಳಿಕೆ, ಮಾನವನ ವಿಕಾಸ ಹೋದವು. ಒಂಬತ್ತನೇ ತರಗತಿಯಲ್ಲಿ ಜೀವಿವೈವಿಧ್ಯದ ಅಧ್ಯಾಯ ಮತ್ತು ನಾವೇಕೆ ಕಾಯಿಲೆ ಬೀಳುತ್ತೇವೆ ಅನ್ನೋ ಅಧ್ಯಾಯ ಎರಡೂ ಹೋದವು. 2023ರ ಏಪ್ರಿಲ್‌ನಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬ್ರೇಕ್‌ಥ್ರೂ ಸೈನ್ಸ್ ಸೊಸೈಟಿಯ ಬಹಿರಂಗ ಪತ್ರಕ್ಕೆ ಸಹಿ ಹಾಕಿ ವಿರೋಧಿಸಿದರು. ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿ ವಿಜ್ಞಾನ ಪುಸ್ತಕಕ್ಕೂ ಆಧಾರ ಎನ್‌ಸಿಇಆರ್‌ಟಿ ಪಠ್ಯವೇ. ಹಾಗಾಗಿ ದೆಹಲಿಯ ಈ ಕತ್ತರಿ ನಮಗೆ ದೂರದ ಸುದ್ದಿಯಲ್ಲ.

ಕೊಂಡಿ ಕಳಚಿದ್ದು ಎಲ್ಲಿ?

ಹಳೇ ಪಠ್ಯಕ್ಕೆ ಒಂದು ಕ್ರಮ ಇತ್ತು. ಒಂಬತ್ತರಲ್ಲಿ ಜೀವಕೋಶ, ಅಂಗಾಂಶ, ಆಮೇಲೆ ಜೀವಿಗಳ ಗುಂಪುಗಳು. ಇಷ್ಟೊಂದು ಬಗೆಯ ಜೀವಿಗಳಲ್ಲಿ ಇಷ್ಟೊಂದು ಹೋಲಿಕೆ ಯಾಕೆ ಅನ್ನೋ ಪ್ರಶ್ನೆ ಅಲ್ಲೇ ಹುಟ್ಟುತ್ತೆ. ಹತ್ತರಲ್ಲಿ ಸಂತಾನೋತ್ಪತ್ತಿ, ಅನುವಂಶೀಯತೆ ಕಲಿತ ಮೇಲೆ ವಿಕಾಸ ಅದಕ್ಕೆ ಉತ್ತರ ಕೊಡ್ತಿತ್ತು. ಪ್ರಶ್ನೆ, ಉತ್ತರ ಎರಡೂ ಹೋದರೆ ಉಳಿಯೋದು ಬಾಯಿಪಾಠ.

ತೆಗೆದ ಭಾಗವೇನೂ ಕಬ್ಬಿಣದ ಕಡಲೆಯಲ್ಲ. ಹಸಿರು ಪೊದೆಯಲ್ಲಿ ಕೆಂಪು ಜೀರುಂಡೆಗಳು ಕಾಗೆಗಳ ಕಣ್ಣಿಗೆ ಬೀಳ್ತವೆ; ಅಕಸ್ಮಾತ್ ಹುಟ್ಟಿದ ಹಸಿರು ಜೀರುಂಡೆ ಬದುಕಿ ಸಂತತಿ ಬೆಳೆಸುತ್ತೆ. ನೈಸರ್ಗಿಕ ಆಯ್ಕೆ ಅಂದರೆ ಇಷ್ಟೇ. ಒಂದೇ ಕಾಡುಕೋಸಿನಿಂದ ರೈತರು ತಲೆಮಾರುಗಳ ಕಾಲ ಆರಿಸಿ ಆರಿಸಿ ಎಲೆಕೋಸು, ಹೂಕೋಸು, ನವಿಲುಕೋಸು ಬೆಳೆಸಿದ್ದೂ ಅದೇ ಅಧ್ಯಾಯದಲ್ಲಿತ್ತು.

'ಹನ್ನೆರಡರಲ್ಲಿ ಇದೆಯಲ್ಲ?'

ಹೌದು, ಇದೆ. ಒಂದು ತರಗತಿಯಲ್ಲಿ ಇರೋದನ್ನ ಇನ್ನೊಂದರಲ್ಲಿ ಮತ್ತೆ ಹೇಳೋದು ಬೇಡ ಅನ್ನೋದು ಎನ್‌ಸಿಇಆರ್‌ಟಿ ಕೊಟ್ಟ ಕಾರಣಗಳಲ್ಲಿ ಒಂದು. ಆದರೆ ಹನ್ನೆರಡನೇ ತರಗತಿಯ ಜೀವಶಾಸ್ತ್ರ ಐಚ್ಛಿಕ, ಹತ್ತನೆಯ ವಿಜ್ಞಾನ ಎಲ್ಲರಿಗೂ ಕಡ್ಡಾಯ. ಎಲ್ಲರಿಗೂ ಸಿಗ್ತಿದ್ದದ್ದು ಈಗ ನೀಟ್ ಬರೆಯೋರಂಥ ಕೆಲವರ ಪಾಲಾಗಿದೆ.

ಹೊರೆ ಇಳಿಸಬೇಕು, ಒಪ್ಪೋಣ. ಹಾಗಿದ್ದರೆ ಉರು ಹೊಡೆಯೋ ಹೆಸರುಗಳ ಪಟ್ಟಿ ಕಡಿಮೆ ಮಾಡಿ, ಅವನ್ನೆಲ್ಲ ಜೋಡಿಸೋ ತತ್ವವನ್ನಲ್ಲ. ಆಂಟಿಬಯೋಟಿಕ್ ಯಾಕೆ ಕೆಲಸ ಮಾಡೋದು ನಿಲ್ಲಿಸುತ್ತೆ, ಕೋವಿಡ್ ರೂಪಾಂತರಿ ಹೇಗೆ ಹುಟ್ಟುತ್ತೆ ಅಂತ ಡಾಕ್ಟರಿಗೆ ಮಾತ್ರ ಗೊತ್ತಿದ್ದರೆ ಸಾಲದು. ಆರೋಗ್ಯ ನೀತಿಗೆ ವೋಟು ಹಾಕೋರು ನಾವೆಲ್ಲರೂ ತಾನೇ?