ಅರ್ಧ ಸ್ಟ್ರಿಪ್ ಗುಳಿಗಿ, ಇಡೀ ಊರಿನ ಖಾತೆ

ಇವತ್ತಿನ ಸಂಚಿಕೆನೂ ಇತಿಹಾಸದ್ದೇ, ಆದ್ರೆ ರಾಜರದ್ದಲ್ಲ. ನಿಮ್ಮ ಮನ್ಯಾಗ ಅರ್ಧ ನುಂಗಿ ಬಿಟ್ಟಿರೋ ಆಂಟಿಬಯೋಟಿಕ್ ಸ್ಟ್ರಿಪ್ ಇರ್ತದಲ್ಲ, ಅದರ ಇತಿಹಾಸ.

ಮೊದಲು ಈ ಗುಳಿಗಿ ಇಲ್ಲದ ಕಾಲ ನೋಡೋಣ. 1898ರಲ್ಲಿ ಹುಬ್ಬಳ್ಳಿ-ಧಾರವಾಡ ಕಡೆ ಪ್ಲೇಗ್ ಬಂತು. ಆಗ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಎಲ್ಲವೂ ಧಾರವಾಡ ಜಿಲ್ಲೆಯೊಳಗೇ ಇದ್ದವು. ಹಾವೇರಿ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಪ್ಲೇಗ್ ಬಂದ ಊರುಗಳಲ್ಲಿ ಜನ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಂಡರು. ಅದೇ ಪ್ಲೇಗ್ ಅನ್ನು ಇವತ್ತು ಬೇಗ ಗುರುತಿಸಿದರೆ ಆಂಟಿಬಯೋಟಿಕ್‌ನಿಂದ ಗುಣಪಡಿಸಬಹುದು. ನಡುವೆ ಆದ ಬದಲಾವಣೆ ಅಷ್ಟು ದೊಡ್ಡದು.

1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕಂಡುಹಿಡಿದರು. 1945ರಲ್ಲಿ ನೊಬೆಲ್ ಭಾಷಣ ಮಾಡುವಾಗಲೇ ಅವರು ಒಂದು ಎಚ್ಚರಿಕೆಯ ಕಥೆ ಹೇಳಿದ್ದರು. ಒಬ್ಬ ಮನುಷ್ಯನಿಗೆ ಗಂಟಲು ನೋವು. ತಾನೇ ಪೆನಿಸಿಲಿನ್ ತಗೊಳ್ತಾನೆ, ಆದ್ರೆ ಸಾಕಾಗುವಷ್ಟಲ್ಲ. ಅವನ ಗಂಟಲಲ್ಲಿದ್ದ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದಂತಾಗಿ ಹೆಂಡತಿಗೆ ದಾಟುತ್ತದೆ. ಆಕೆಗೆ ನ್ಯುಮೋನಿಯಾ ಆಗ್ತದೆ, ಪೆನಿಸಿಲಿನ್ ಕೊಟ್ಟರೂ ಉಳಿಯೋದಿಲ್ಲ. ಗಮನಿಸಿದ್ರಾ? ಗುಳಿಗಿ ನುಂಗಿದವನು ಆರಾಮ ಇದ್ದಾನೆ, ಸತ್ತವಳು ಮತ್ತೊಬ್ಬಳು.

ನಾವು "ನನ್ನ ಮೈಗೆ ಈ ಗುಳಿಗಿ ರೂಢಿ ಆಗೇತಿ" ಅಂತೀವಿ. ಹಾಗಲ್ಲ. ಬದಲಾಗೋದು ಮೈ ಅಲ್ಲ, ಒಳಗಿನ ಬ್ಯಾಕ್ಟೀರಿಯಾ. ಔಷಧಿಗೆ ಬಗ್ಗುವವು ಸಾಯ್ತವೆ, ಬಗ್ಗದವು ಖಾಲಿ ಜಾಗದಲ್ಲಿ ಬೆಳೀತವೆ.

ಇನ್ನೂ ದೊಡ್ಡ ಆಘಾತ ಜಪಾನಿನಿಂದ ಬಂತು. 1950ರ ದಶಕದಲ್ಲಿ ಅಲ್ಲಿ ಆಮಶಂಕೆ ತರುವ ಶಿಗೆಲ್ಲಾ ಬ್ಯಾಕ್ಟೀರಿಯಾ ಒಂದೇ ಸಲಕ್ಕೆ ನಾಲ್ಕು ಔಷಧಿಗಳಿಗೆ ಬಗ್ಗದೆ ನಿಂತಿತು. ಸಾಮಾನ್ಯವಾಗಿ ನಮ್ಮ ಕರುಳಿನಲ್ಲೇ ಇರುವ ಇ. ಕೋಲಿ ಈ ಶಕ್ತಿಯನ್ನು ಶಿಗೆಲ್ಲಾಕ್ಕೆ ದಾಟಿಸಬಲ್ಲದು ಅಂತ ಅಕಿಬಾ, ಒಚಿಯಾಯ್ ಮೊದಲಾದವರು 1959ರ ಹೊತ್ತಿಗೆ ತೋರಿಸಿದರು. ಪ್ಲಾಸ್ಮಿಡ್ ಅನ್ನೋ ಡಿಎನ್‌ಎ ಉಂಗುರ ಈ ಕೆಲಸ ಮಾಡ್ತದೆ. ವಾಟ್ಸಾಪ್ ಫಾರ್ವರ್ಡ್ ಇದ್ದಂಗೆ ನೋಡ್ರಿ: ಕಳಿಸಿದವನ ಹತ್ತಿರ ಒಂದು ಪ್ರತಿ ಉಳೀತದೆ, ಪಡೆದವನಿಗೂ ಒಂದು ಸಿಗ್ತದೆ. ಒಂದೇ ಜಾತಿಯ ಬ್ಯಾಕ್ಟೀರಿಯಾ ಆಗಿರಬೇಕು ಅಂತೇನೂ ಇಲ್ಲ.

ಇದು ದೂರದ ಕಥೆಯಾಗಿ ಉಳಿಯಲಿಲ್ಲ. ಟೈಫಾಯ್ಡ್‌ಗೆ ಕ್ಲೋರಾಂಫೆನಿಕಾಲ್ ರಾಮಬಾಣ ಅಂತಿದ್ದ ಕಾಲದಲ್ಲಿ, 1972ರಲ್ಲಿ ಪಕ್ಕದ ಕೇರಳದ ಕೋಝಿಕ್ಕೋಡ್‌ನಿಂದ ಅದಕ್ಕೆ ಬಗ್ಗದ ಟೈಫಾಯ್ಡ್ ವರದಿಯಾಯಿತು. ಅಲ್ಲಿಯೂ ಆ ಶಕ್ತಿ ಒಂದರಿಂದ ಮತ್ತೊಂದಕ್ಕೆ ದಾಟುವಂಥದ್ದೇ. 2011ರಲ್ಲಿ ಪ್ರಕಟವಾದ ದೆಹಲಿ ಅಧ್ಯಯನದಲ್ಲಿ ರಸ್ತೆ ಬದಿ ನಿಂತ ಕೊಳಕು ನೀರಿನ 171 ಮಾದರಿಗಳಲ್ಲಿ 51ರಲ್ಲಿ, 50 ನಲ್ಲಿ ನೀರಿನ ಮಾದರಿಗಳಲ್ಲಿ 2ರಲ್ಲಿ ಎನ್‌ಡಿಎಂ-1 ಅನ್ನೋ ಜೀನ್ ಸಿಕ್ಕಿತು. ಆಸ್ಪತ್ರೆಯಲ್ಲಿ ಕೊನೆಗೆ ಅಂತ ಇಟ್ಟುಕೊಂಡಿರುವ ಔಷಧಿಗಳನ್ನೇ ಸೋಲಿಸುವ ಜೀನ್ ಅದು. ಅಂದ್ರೆ ಆಸ್ಪತ್ರೆ ಮೆಟ್ಟಿಲು ಹತ್ತದವರಿಗೂ ಇದು ತಲುಪಬಹುದು: ಕೈಯಿಂದ, ನೀರಿನಿಂದ, ಗಟಾರದಿಂದ.

ಈಗ ನಮ್ಮ ಕಡೆ ಬರೋಣ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಒಂದೇ ರೈಲು ಹಳಿ ಮೇಲಿನ ಊರುಗಳು. ಸೀಸನ್ನಿನಲ್ಲಿ ಬ್ಯಾಡಗಿ ಮಾರುಕಟ್ಟೆಗೆ ಆಂಧ್ರದಿಂದಲೂ ಮೆಣಸಿನಕಾಯಿ ಲಾರಿ ಬರ್ತವೆ. ಚೀಲ ಹೊರುವ ಹಮಾಲರು, ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಒಂದು ದಿನ ಮಲಗಿದರೆ ಆ ದಿನದ ಪಗಾರ ಹೋಯ್ತು. ಹಾಗಿದ್ದಾಗ "ಜ್ವರಕ್ಕ ಎರಡ ಗುಳಿಗಿ ಕೊಡ್ರಿ ಅಣ್ಣಾರ" ಅಂತ ಮೆಡಿಕಲ್ ಶಾಪಿಗೆ ಹೋಗೋದು ದಡ್ಡತನ ಅಲ್ಲ. ಡಾಕ್ಟರ್ ಫೀಸು, ಕಾಯುವ ಹೊತ್ತು, ಹೋದ ಕೂಲಿ ಎಲ್ಲ ಸೇರಿಸಿ ಹಾಕಿದ ಲೆಕ್ಕ. ಅದಕ್ಕೇ ಜನರನ್ನು ಬೈದರೆ ಈ ಸಮಸ್ಯೆ ಬಗೆಹರಿಯೋದಿಲ್ಲ. ಸಂಜೆ ಹೊತ್ತೂ ತೆರೆದಿರುವ, ಹತ್ತಿರದ ಸರ್ಕಾರಿ ದವಾಖಾನೆ ಬೇಕು. ಶುದ್ಧ ನೀರು, ಮುಚ್ಚಿದ ಗಟಾರ ಬೇಕು.

ಕಾನೂನು ಇಲ್ಲ ಅಂತಲ್ಲ. ಅಮಾಕ್ಸಿಸಿಲಿನ್‌ನಂಥ ಔಷಧಿಗೆ ಡಾಕ್ಟರ್ ಚೀಟಿ ಬೇಕೇ ಬೇಕು. 2014ರ ಮಾರ್ಚ್ 1ರಿಂದ ಶೆಡ್ಯೂಲ್ ಎಚ್-1 ಜಾರಿಯಲ್ಲಿದೆ: ಆ ಪಟ್ಟಿಯ ಔಷಧಿ ಮಾರಿದರೆ ಡಾಕ್ಟರ್ ಹೆಸರು, ರೋಗಿ ಹೆಸರು, ಎಷ್ಟು ಕೊಟ್ಟರು ಅನ್ನೋದನ್ನ ಬೇರೆ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು.

ನಾನು ಬಿಕಾಂ ಓದಿದ್ದು, ಹಾಗಾಗಿ ನನಗೆ ಎಲ್ಲ ಖಾತೆ ಪುಸ್ತಕದ ಹಾಗೇ ಕಾಣ್ತದೆ. ಆಂಟಿಬಯೋಟಿಕ್‌ನ ಶಕ್ತಿ ಇಡೀ ಊರಿನ ಜಂಟಿ ಖಾತೆ. ವೈರಸ್‌ನಿಂದ ಬಂದ ನೆಗಡಿಗೆ ಅದು ಕೆಲಸವೇ ಮಾಡೋದಿಲ್ಲ. ಆದರೂ ನುಂಗಿದರೆ ದುಡ್ಡು ತೆಗೆದು ಗಟಾರಕ್ಕೆ ಹಾಕಿದಂಗೆ. 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಸಾವುಗಳಿಗೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾವೇ ನೇರ ಕಾರಣ ಅಂತ ಅಂದಾಜು. ಆ ಖಾತೆ ಖಾಲಿ ಆದ ದಿನ ಹೆರಿಗೆಗೆ ಹೋದ ಅಕ್ಕ, ಆಪರೇಷನ್ ಆದ ಅಜ್ಜ ಮೊದಲು ಸಿಕ್ಕಿಬೀಳ್ತಾರೆ.

ಡಾಕ್ಟರ್ ಎಷ್ಟು ದಿನ ಅಂದರೋ ಅಷ್ಟು ದಿನ ತಗೊಳ್ರಿ. ಉಳಿದ ಗುಳಿಗಿ ಯಾರಿಗೂ ಕೊಡಬ್ಯಾಡ್ರಿ. ಮುಂದಿನ ವಾರ ಮತ್ತೆ ಸಿಗೋಣ.